ತೊಟ್ಟಿಲಿಲ್ಲದ ಚಿಕ್ಕದು

ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮಗನನ್ನು ಬುಗುರಿ ಎಂದು ಮೊದಲು ಕರೆದವಳು ಅವನ ತಾಯಿ. ತಾಯಿ ಹೋದಳು, ಹೆಸರು ಉಳಿಯಿತು. ಈಗ ಅವನು ನಲವತ್ತು ದಾಟಿದ, ಮುಂದಲೆಯ ಕೂದಲು ಉದುರಿದ ಬುಗುರಿ. ಬಸ್ಸು ಸ್ವಲ್ಪ ತಡವಾದರೆ ಸಾಕು, ಮುಂದಿನ ಸ್ಟಾಪಿಗೆ ನಡೆದುಬಿಡುತ್ತಾನೆ; ಅವನು ನಡುದಾರಿಯಲ್ಲಿರುವಾಗ ಬಸ್ಸು ಪಕ್ಕದಲ್ಲೇ ಹಾದುಹೋಗುತ್ತದೆ. ಕ್ಷೌರದ ಅಂಗಡಿಯಲ್ಲಿ ಅರ್ಧ ತಲೆ ಕತ್ತರಿಸಿಕೊಂಡು "ಈಗ ಬಂದೆ" ಎಂದು ಎದ್ದುಹೋದವನು ಊರಲ್ಲಿ ಇವನೊಬ್ಬನೇ ಇರಬೇಕು. ಆ ಅಂಗಡಿಯವನು ಇವತ್ತಿಗೂ ಇವನಿಗೆ ಬಟ್ಟೆ ಹೊದಿಸಿದ ಮೇಲೆ ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ.

ಇಂಥವನಿಗೆ ಲಿಫ್ಟ್ ರಿಪೇರಿಯ ಕೆಲಸ ಸಿಕ್ಕಿದ್ದು ಪೂರ್ವಜನ್ಮದ ಪುಣ್ಯ. ಬೆಳಗ್ಗೆ ಒಂದು ಕಟ್ಟಡ, ಮಧ್ಯಾಹ್ನ ಇನ್ನೊಂದು. ಆದರೆ ಆ ಕೆಲಸದಲ್ಲೂ ಕಾಯುವುದಿದೆ. ಬಿಡಿಭಾಗ ಬರುವ ತನಕ ಕಾಯಬೇಕು. ರಿಪೇರಿಯಾದ ಮೇಲೆ ಖಾಲಿ ಲಿಫ್ಟನ್ನು ಮೇಲೆ ಕೆಳಗೆ ಓಡಿಸುತ್ತ ಮಹಡಿಯ ಮೇಲಿನ ಮೋಟಾರು ಕೋಣೆಯಲ್ಲಿ ನಿಂತು ಸದ್ದು ಕೇಳಬೇಕು. ಆಗ ಬುಗುರಿಗೆ ಮೈಯೆಲ್ಲ ಇರುವೆ ಹರಿದಂತಾಗುತ್ತದೆ.

ಹೆಂಡತಿ ಅವನ ತದ್ವಿರುದ್ಧ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ದಿನವಿಡೀ ಒಂದೇ ಸ್ಟೂಲು. ಮದುವೆಯಾದ ಹೊಸತರಲ್ಲಿ ಅವಳು ಎಷ್ಟು ಕಣ್ಣೀರು ಹಾಕಿದ್ದಾಳೋ ಆ ಸ್ಟೂಲಿಗೇ ಗೊತ್ತು. ಗಂಡನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಇನ್ನೊಬ್ಬಳ ಸಹವಾಸವಿಲ್ಲ. ಆದರೂ ಕೆಲಸ ಮುಗಿದ ಮೇಲೆ ಮನೆಗೆ ಬರುತ್ತಿರಲಿಲ್ಲ. ಯಾವ ಬಸ್ಸು ಬಂತೋ ಅದನ್ನು ಹತ್ತಿ ಕೊನೆಯ ಸ್ಟಾಪಿನ ತನಕ ಹೋಗಿ, ಅದೇ ಬಸ್ಸಿನಲ್ಲಿ ತಿರುಗಿ ಬರುತ್ತಿದ್ದ. ಅಷ್ಟರಲ್ಲಿ ಮಗಳು ಮಲಗಿರುತ್ತಿದ್ದಳು.

"ಎಲ್ಲಿಗೆ ಹೋಗಿದ್ರಿ?"

"ಎಲ್ಲಿಗೂ ಇಲ್ಲ."

ಅದು ನಿಜವಾಗಿತ್ತು. ಸುಳ್ಳು ಹೇಳುವ ಗಂಡನ ಜೊತೆ ಜಗಳವಾದರೂ ಆಡಬಹುದು, ಇವನ ಜೊತೆ ಏನು ಆಡುವುದು?

ಮಗಳು ಕಾಲು ಮುರಿದುಕೊಂಡು ಪಟ್ಟಿ ಹಾಕಿಸಿಕೊಂಡು ಕೂತಾಗ ಸೋದರಮಾವ ಒಂದು ಗೇಮ್ ಯಂತ್ರ ತಂದುಕೊಟ್ಟ. ಎರಡೂ ಆಗುವ ಯಂತ್ರ. ಟೀವಿ ಪಕ್ಕದ ಸ್ಟ್ಯಾಂಡಿನಲ್ಲಿ ಕೂರಿಸಿದರೆ ಚಾರ್ಜೂ ಆಗುತ್ತದೆ, ಆಟ ಟೀವಿಯಲ್ಲೂ ಮೂಡುತ್ತದೆ, ಮನೆಮಂದಿಯೆಲ್ಲ ಕೂತು ಆಡಬಹುದು. ಮೇಲಕ್ಕೆತ್ತಿದರೆ ಅದಕ್ಕೇ ಒಂದು ಪರದೆ, ಎರಡೂ ಬದಿಗೆ ಗುಂಡಿಗಳು; ಕೈಯಲ್ಲಿ ಹಿಡಿದು ಎಲ್ಲಿಗೆ ಬೇಕಾದರೂ ಹೋಗಬಹುದು. ಮಗಳು ಸ್ಟ್ಯಾಂಡಿಗೆ ತೊಟ್ಟಿಲು ಎಂದು ಹೆಸರಿಟ್ಟಳು. ಯಂತ್ರ ತಾನಾಗಿಯೇ ಮಗುವಾಯಿತು. ಅದರೊಳಗಿನ ಆಟದಲ್ಲಿ ಒಂದು ದ್ವೀಪ, ದ್ವೀಪದಲ್ಲಿ ಮಗಳೇ ಕಟ್ಟಿದ ಮೂರು ಮನೆ, ಪಕ್ಕದಲ್ಲೊಂದು ಹೊಳೆ. ನಿಜವಾದ ಹೊಳೆಯ ದಡದಲ್ಲಿ ಅರೆಗಳಿಗೆ ಕೂರಲಾರದ ಬುಗುರಿ ಆ ಹೊಳೆಯಲ್ಲಿ ಮೀನು ಹಿಡಿಯುತ್ತ ಲೋಕ ಮರೆತ.

ಪಟ್ಟಿ ಬಿಚ್ಚಿ ಮಗಳು ಶಾಲೆಗೆ ಹೋದ ಮೇಲೆ ಮಗು ಅವನ ಸಾಮಾನಿನ ಬ್ಯಾಗಿನಲ್ಲಿ ಕೆಲಸಕ್ಕೆ ಹೊರಟಿತು. ಹೆಂಡತಿ ಒಂದೇ ಒಂದು ಕಟ್ಟಳೆ ಮಾಡಿದಳು: ಬೀದಿದೀಪ ಹತ್ತುವ ಹೊತ್ತಿಗೆ ಮಗು ತೊಟ್ಟಿಲಲ್ಲಿರಬೇಕು. ಸ್ವಲ್ಪ ಹೊತ್ತು ಮೀರಿತೋ, ಫೋನು.

"ಮಗು ಎಲ್ಲಿ?"

ಒಮ್ಮೆ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಕೈಯೆಲ್ಲ ಗ್ರೀಸಾಗಿದ್ದರಿಂದ ಅವನು ಸ್ಪೀಕರಿನಲ್ಲೇ ಉತ್ತರ ಕೊಟ್ಟ: "ಬ್ಯಾಗಲ್ಲಿದೆ. ಜೀವ ಇಲ್ಲ, ಮಧ್ಯಾಹ್ನನೇ ಹೋಯ್ತು. ಮನೆಗೆ ತಂದು ತೊಟ್ಟಿಲಲ್ಲಿ ಇಟ್ರೆ ಸರಿಹೋಗುತ್ತೆ ಬಿಡು." ಲಿಫ್ಟಿಗಾಗಿ ಕಾಯುತ್ತಿದ್ದ ಅಜ್ಜಿಯೊಬ್ಬರು ತರಕಾರಿ ಚೀಲ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದರು. ವಾಚ್‌ಮನ್ ಬಂದು ಬ್ಯಾಗು ಬಿಚ್ಚಿ ನೋಡುವ ತನಕ ಇವನನ್ನು ಹೊರಗೆ ಬಿಡಲಿಲ್ಲ.

ಬಸ್ಸಿನ ಕೊನೆಯ ಸ್ಟಾಪುಗಳು ಅವನಿಗೆ ಮರೆತೇಹೋದವು. ಮರೆತದ್ದೂ ಅವನ ಗಮನಕ್ಕೆ ಬರಲಿಲ್ಲ. ಗಮನಿಸಿದವಳು ಹೆಂಡತಿ, ಅವಳು ಸೊಲ್ಲೆತ್ತಲಿಲ್ಲ.

ಆದರೆ ಬುಗುರಿಗೆ ನೆಮ್ಮದಿ ಎಂದರೆ ಮೈಗೆ ಒಗ್ಗದ ಬಟ್ಟೆ. ಮಗು ದೊಡ್ಡದಾಯಿತು ಎಂದು ಶುರುಮಾಡಿದ. ಜೇಬಿಗೆ ಹಿಡಿಸುವುದಿಲ್ಲ. ಏಣಿ ಹತ್ತುವಾಗ ಬದಿಯ ಗುಂಡಿಪಟ್ಟಿ ಕಳಚಿಕೊಳ್ಳುತ್ತದೆ. ರಜೆಯ ದಿನ ತಾಯಿ ಮಗಳು ಟೀವಿಯಲ್ಲಿ ಆಡುತ್ತಿರುವಾಗ ತುರ್ತು ಕರೆ ಬಂದರೆ ಇವನು ಮಗುವನ್ನು ಕಿತ್ತುಕೊಂಡು ಓಡುತ್ತಾನೆ. ಪರದೆ ಕಪ್ಪಾಗುತ್ತದೆ, ಮಗಳು ಮುಖ ಊದಿಸುತ್ತಾಳೆ. ಅಷ್ಟರಲ್ಲಿ ಅದೇ ಯಂತ್ರದ್ದೊಂದು ಚಿಕ್ಕ ರೂಪ ಬಂದಿದೆ, ಕೈಯಲ್ಲಿ ಆಡಲು ಮಾತ್ರ, ಟೀವಿಗೆ ಹಾಕಲಾಗುವುದಿಲ್ಲ ಎಂಬ ಸುದ್ದಿ ಅವನ ಕಿವಿಗೆ ಬಿತ್ತು. ಅಲ್ಲಿಂದ ಬಾಲ ಸುಟ್ಟ ಬೆಕ್ಕಿನಂತಾದ. ಅಂಥದ್ದೊಂದು ಚಿಕ್ಕದು ಬೇಕೋ ಬೇಡವೋ ಎಂದು ಸಿಕ್ಕಸಿಕ್ಕವರ ತಲೆ ತಿಂದ.

"ಎರಡೂ ಆಗೋದೇ ಅಲ್ವೇನೋ ಅದರ ಹೆಚ್ಚುಗಾರಿಕೆ?" ಎಂದಳು ಆಫೀಸಿನಲ್ಲಿ ಕೂತು ಫೋನಿನಲ್ಲಿ ಕೆಲಸ ಹಂಚುವ ಹೆಂಗಸು. "ಒಂದನ್ನ ಕಿತ್ತು ಹಾಕಿದ್ರೆ ಉಳಿಯೋದೇನು?"

"ಉಳಿದಿದ್ದು ಜೇಬಿಗೆ ಹಿಡಿಸುತ್ತಲ್ಲ."

"ಮೇಲೆ ಹೋದ್ರೆ ಸಾಕು, ಕೆಳಗೆ ಬರೋದು ಬೇಡ ಅನ್ನೋ ಲಿಫ್ಟ್ ಕೇಳಿದ ಹಾಗಾಯ್ತು. ಹೋಗು, ಆಸ್ಪತ್ರೆ ಹಿಂದಿನ ಕಟ್ಟಡದಲ್ಲಿ ಬಾಗಿಲು ಮುಚ್ತಾ ಇಲ್ಲವಂತೆ."

ಮನೆಯಲ್ಲಿ ಹೆಂಡತಿ ವಾದಕ್ಕೇ ಬರಲಿಲ್ಲ. "ಬೇಡ" ಎಂದಳು.

"ಯಾಕೆ ಬೇಡ? ನಿಮಗೂ ತೊಂದರೆ ತಪ್ಪುತ್ತೆ. ನಿಮ್ಮದು ನಿಮಗೆ, ನನ್ನದು ನನಗೆ."

"ಬೇಡ ಅಂದ್ರೆ ಬೇಡ ರೀ."

ಅವನು ಕೊಂಡು ಒಂದು ದಿನವೂ ತುಳಿಯದ ಸೈಕಲ್ಲಿಗೂ ಇಲ್ಲ ಎನ್ನದವಳು ಇದಕ್ಕೆ ಯಾಕೆ ಹಟ ಹಿಡಿದಳೋ ಅವನಿಗೆ ಹೊಳೆಯಲಿಲ್ಲ. ದುಡ್ಡಿನ ಯೋಚನೆ ಇರಬೇಕು ಎಂದುಕೊಂಡ. ಒಂದು ದಿನ ಮಗುವನ್ನು ಮನೆಯಲ್ಲೇ ಬಿಟ್ಟು ಹೊರಟವನು ಮಧ್ಯಾಹ್ನ ಅವಳಿಗೆ ತಿಳಿಯದ ಹಾಗೆ ಚಿಕ್ಕದನ್ನು ಕೊಂಡೇಬಿಟ್ಟ.

ಜೇಬಿನಲ್ಲಿ ಅಚ್ಚುಕಟ್ಟಾಗಿ ಕೂತಿತು. ಮೋಟಾರು ಕೋಣೆಯಲ್ಲಿ ತೆರೆದು ನೋಡಿದರೆ ಹಳೆಯ ದ್ವೀಪವಿಲ್ಲ, ಮಗಳು ಕಟ್ಟಿದ ಮನೆಗಳಿಲ್ಲ. ಹೊಸ ಜಾಗ, ಒಂದು ಗುಡಾರ, ಒಬ್ಬನೇ ಮನುಷ್ಯ. ಇದು ಅವನು ಎಣಿಸಿರದ ಮಾತು. ಇರಲಿ, ಯಾರ ರಗಳೆಯೂ ಇಲ್ಲ ಎಂದು ಗಾಳ ಹಾಕಿದ.

ಸಂಜೆ ಬೀದಿದೀಪ ಹತ್ತಿತು. ಫೋನು ಬರಲಿಲ್ಲ. ಯಾಕೆ ಬರಬೇಕು? ಮಗು ಮನೆಯಲ್ಲೇ, ತೊಟ್ಟಿಲಲ್ಲೇ ಇತ್ತಲ್ಲ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಇನ್ನೊಂದು ಮೀನು, ಇನ್ನೊಂದೇ ಮೀನು ಎನ್ನುತ್ತ ಮನೆಯ ಕಡೆಯ ಬಸ್ಸನ್ನು ಬಿಟ್ಟ. ಮಾರನೆಯ ದಿನ ಎದುರು ಬಂದ ಯಾವುದೋ ಬಸ್ಸು ಹತ್ತಿದ. ಅದರ ಮಾರನೆಯ ದಿನವೂ. ಮನೆಯಲ್ಲಿ ಕೇಳಿದರೆ ಕೆಲಸ ಜಾಸ್ತಿ ಎನ್ನುತ್ತಿದ್ದ. ಆದರೂ ಒಳಗೊಳಗೆ ಏನೋ ಕೊರೆಯುತ್ತಿತ್ತು. ಗಳಿಗೆಗೊಮ್ಮೆ ಫೋನು ತೆಗೆದು ನೋಡುವನು, ಸಿಗ್ನಲ್ ಇದೆ. ಕೊನೆಗೆ ಕೆಲಸ ಹಂಚುವವಳಿಗೆ ತಾನೇ ಫೋನು ಹಚ್ಚಿ, "ನನ್ನ ಫೋನ್ ಕೆಟ್ಟಿದ್ಯಾ ನೋಡ್ಬೇಕು, ಒಂದು ಸಲ ಮಾಡು" ಎಂದ. ಅವಳು ಮಾಡಿದಳು. ಚೆನ್ನಾಗಿಯೇ ಬಡಿದುಕೊಂಡಿತು.

ಗುಟ್ಟು ರಟ್ಟಾದದ್ದು ಬಚ್ಚಲಿನಲ್ಲಿ. ರಜೆಯ ದಿನ ಬಾಗಿಲು ಹಾಕಿಕೊಂಡು ಮೀನು ಹಿಡಿಯುತ್ತಿದ್ದವನು ಸದ್ದು ತಗ್ಗಿಸುವುದನ್ನು ಮರೆತಿದ್ದ. ಮೀನು ಸಿಕ್ಕಾಗ ಬರುವ ತುತ್ತೂರಿ ಮನೆಗೆಲ್ಲ ಕೇಳಿತು.

"ಅಪ್ಪಾ, ಮೀನು ಸಿಕ್ತಾ?" ಎಂದಳು ಟೀವಿ ಮುಂದಿದ್ದ ಮಗಳು ಅಭ್ಯಾಸಬಲದಿಂದ. ಆಮೇಲೆ ತೊಟ್ಟಿಲು ನೋಡಿದಳು. ಮಗು ಅಲ್ಲೇ ಇತ್ತು.

ಬುಗುರಿ ಪೆಚ್ಚು ಮೋರೆ ಹಾಕಿಕೊಂಡು ಹೊರಗೆ ಬಂದ. ಮಗಳು ಚಿಕ್ಕದನ್ನು ಕಸಿದುಕೊಂಡು ತೊಟ್ಟಿಲಿಗೆ ಇಳಿಸಲು ನೋಡಿದಳು. ಕೂರಲಿಲ್ಲ. ತಿರುಗಿಸಿ ನೋಡಿದಳು, ಆಗಲೂ ಕೂರಲಿಲ್ಲ.

"ಇದನ್ನ ಎಲ್ಲಿ ಮಲಗಿಸೋದು? ನಮ್ಮ ಮನೆಗಳೆಲ್ಲ ಎಲ್ಲಿ ಹೋದ್ವು?"

"ಅದು ಬೇರೆ ದ್ವೀಪ ಕಣೆ."

ಮಗಳು ಯಂತ್ರವನ್ನು ಸೋಫಾದ ಮೇಲಿಟ್ಟು ಒಳಗೆ ಹೋದಳು. ಹೆಂಡತಿ ಕೂಗಾಡುತ್ತಾಳೆ ಎಂದು ಅವನು ಅಲ್ಲೇ ಕೂತು ಕಾದ. ಅವಳು ಬಂದು ಪಕ್ಕದಲ್ಲಿ ಕೂತಳು.

"ದುಡ್ಡಿಗೋಸ್ಕರ ಬೇಡ ಅಂದೆ ಅಂದ್ಕೊಂಡ್ರಾ?"

"ಮತ್ಯಾಕೆ?"

"ಮೊದಲು ನೀವು ಎಲ್ಲಿ ಅಂತ ಕೇಳಿದ್ರೆ ಎಲ್ಲೂ ಇಲ್ಲ ಅಂತಿದ್ರಿ. ಮಗು ಎಲ್ಲಿ ಅಂತ ಕೇಳಿದ್ರೆ ಮನೆಗೆ ಬರ್ತಿದ್ರಿ." ಸೆರಗಿನಿಂದ ಕನ್ನಡಕ ಒರೆಸಿಕೊಂಡಳು, ಅದು ಚೊಕ್ಕವಾಗಿಯೇ ಇತ್ತು. "ಬಾಯಿಬಿಟ್ಟು ಹೇಳಿದ್ರೆ ಅದೂ ನಿಂತುಹೋಗುತ್ತೇನೋ ಅಂತ ಹೆದರಿಕೆ ಆಗಿತ್ತು. ಈಗ ಹೇಗೂ ನಿಂತೇಹೋಯ್ತಲ್ಲ, ಅದಕ್ಕೇ ಹೇಳ್ದೆ."

ಬುಗುರಿಗೆ ಎದ್ದು ಎಲ್ಲಿಗಾದರೂ ಹೋಗಬೇಕೆನ್ನಿಸಿತು. ಚಪ್ಪಲಿಯ ಕಡೆ ನೋಡಿದ. ನಾಚಿಕೆಯಾಯಿತು, ಕೂತೇ ಇದ್ದ. ಮೊಣಕಾಲು ಮಾತ್ರ ಕುಣಿಯುತ್ತಲೇ ಇತ್ತು. ಅವಳು ಅದನ್ನು ನಿಲ್ಲಿಸಲು ಹೋಗಲಿಲ್ಲ.

ಬೆಳಗ್ಗೆ ಚಿಕ್ಕದನ್ನು ಮಗಳ ಮೇಜಿನ ಮೇಲಿಟ್ಟ. ತೊಟ್ಟಿಲಿನಿಂದ ಮಗುವನ್ನೆತ್ತಿ ಬ್ಯಾಗಿಗೆ ಹಾಕಿಕೊಂಡ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

ಸಂಜೆ ಬಸ್‌ಸ್ಟ್ಯಾಂಡಿಗೆ ಬಂದಾಗ ಬ್ಯಾಗು ಭಾರವೆನ್ನಿಸಿತು. ಮನೆಯ ಕಡೆಯ ಬಸ್ಸು ಬರಲಿಲ್ಲ. ಬೇರೆ ದಿಕ್ಕಿನದೊಂದು ಬಂತು, ಖಾಲಿ, ಕಿಟಕಿ ಪಕ್ಕದ ಸೀಟುಗಳೆಲ್ಲ ಕರೆಯುತ್ತಿದ್ದವು. ಕಾಲು ಅವನನ್ನು ಕೇಳದೆಯೇ ಮೆಟ್ಟಿಲ ಮೇಲೆ ಹೋಯಿತು. ಬೀದಿದೀಪ ಆಗಲೇ ಹತ್ತಿತ್ತು. ಈ ಸಲವೂ ಫೋನು ಬಾರದಿದ್ದರೆ? ಅವಳು ಇನ್ನು ಕೇಳುವುದನ್ನೇ ಬಿಟ್ಟಿದ್ದರೆ?

"ಹತ್ತೋದಾದ್ರೆ ಹತ್ತಿ ಸ್ವಾಮಿ" ಎಂದ ಡ್ರೈವರ್.

ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಮಗು ಎಲ್ಲಿ?"

"ಬರ್ತಾ ಇದ್ದೀನಿ" ಎಂದ ಬುಗುರಿ, ಕಾಲು ಕೆಳಗಿಟ್ಟು.

ಮನೆಯ ಕಡೆಯ ಬಸ್ಸು ಇನ್ನೂ ಕಾಣಲಿಲ್ಲ. ನಿಂತಿರಲಾಗದೆ ಮುಂದಿನ ಸ್ಟಾಪಿನತ್ತ ನಡೆದ. ನಡುದಾರಿಯಲ್ಲಿರುವಾಗ, ಎಂದಿನಂತೆ, ಅದು ಪಕ್ಕದಲ್ಲೇ ಹಾದುಹೋಯಿತು. ಬುಗುರಿ ಬ್ಯಾಗನ್ನು ಎದೆಗವಚಿಕೊಂಡು ಅದರ ಹಿಂದೆ ಓಡಿದ.