ದೋನ್ ಕಾಸಿಮಿರೊ ಅವರ ನಿದ್ದೆ

ಬೆಟ್ಟದ ಮೈಗೆ ಅಂಟಿಕೊಂಡ ನಮ್ಮೂರು ತಾಸ್ಕೊದಲ್ಲಿ ಸಮತಟ್ಟಾದ ಬೀದಿಯೇ ಇಲ್ಲ. ಒಂದೋ ಏರಬೇಕು, ಇಲ್ಲವೇ ಇಳಿಯಬೇಕು. ಕಲ್ಲು ಹಾಸಿದ ಓಣಿಗಳಲ್ಲಿ ದುಂಡು ಬೆನ್ನಿನ ಬಿಳಿ ಟ್ಯಾಕ್ಸಿಗಳು, ನಾವು ವೋಚೊ ಎಂದು ಕರೆಯುವ ಪುಟ್ಟ ಕಾರುಗಳು, ಬೆಳಗಿನಿಂದ ಗೋಡೆ ಸವರಿಕೊಂಡು ಓಡಾಡುತ್ತವೆ. ಅವುಗಳ ಎಂಜಿನ್ ಇರುವುದು ಹಿಂಭಾಗದಲ್ಲಿ. ಹಿಂದಿನ ಸೀಟಿನಲ್ಲಿ ಕುಳಿತವರ ಬೆನ್ನಿಗೆ ಅದರ ಬಡಿತ ತಾಗುತ್ತಿರುತ್ತದೆ. ಆ ಬಡಿತಕ್ಕೆ ಬೆನ್ನು ಕೊಟ್ಟು ನಿದ್ದೆ ಹೋಗುವುದು ದೋನ್ ಕಾಸಿಮಿರೊ ಅವರ ಕಸುಬು.

ಅವರು ಮೆಕ್ಯಾನಿಕ್. ವಯಸ್ಸು ಅರವತ್ತೊಂಬತ್ತು. ಯಾರಾದರೂ ಕಾರು ತಂದು ನಿಲ್ಲಿಸಿದರೆ ಅವರು ಮುಚ್ಚಳ ಎತ್ತುವುದಿಲ್ಲ. ಹುಲ್ಲಿನ ಟೋಪಿ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂರುತ್ತಾರೆ, ಕಣ್ಣು ಮುಚ್ಚುತ್ತಾರೆ, ಊರಿನ ನೆತ್ತಿಯವರೆಗೆ ಹೋಗೋಣ ಎನ್ನುತ್ತಾರೆ. ಎಂಜಿನ್ ಸರಿಯಿದ್ದರೆ ಎರಡನೆಯ ತಿರುವಿಗೆ ಅವರ ಗದ್ದ ಎದೆಗೆ ಇಳಿದಿರುತ್ತದೆ. ಸರಿಯಿಲ್ಲದಿದ್ದರೆ ನಿದ್ದೆ ಹತ್ತುವುದಿಲ್ಲ, ಹತ್ತಿದರೂ ಎಲ್ಲೋ ಒಂದು ಕಡೆ ಮುರಿಯುತ್ತದೆ. ಅದು ಮುರಿದ ಜಾಗದಿಂದಲೇ ಅವರ ಹುಡುಕಾಟ ಶುರು. ದೋನ್ ಕಾಸಿಮಿರೊ ಗೊರಕೆ ಹೊಡೆದರೆ ಇನ್ನೊಂದು ವರ್ಷ ಚಿಂತೆಯಿಲ್ಲ ಎಂದು ಚಾಲಕರು ಹೇಳಿಕೊಳ್ಳುತ್ತಾರೆ.

ಈ ಅಭ್ಯಾಸ ತೊಟ್ಟಿಲಿನಿಂದ ಬಂದದ್ದು. ಅವರು ಹುಟ್ಟಿದ್ದು ಬೆಳ್ಳಿ ಕೆಲಸದ ಮನೆಯಲ್ಲಿ. ಅಪ್ಪ ಮತ್ತು ಮೂವರು ಚಿಕ್ಕಪ್ಪಂದಿರು ಒಂದೇ ಹಲಗೆಯ ಸುತ್ತ ಕುಳಿತು ತಟ್ಟೆಗಳನ್ನು ಬಡಿಯುತ್ತಿದ್ದರು. ತೊಟ್ಟಿಲು ಆ ಹಲಗೆಯ ಪಕ್ಕದಲ್ಲೇ ತೂಗುತ್ತಿತ್ತು. ನಾಲ್ಕು ಸುತ್ತಿಗೆಗಳು ಒಂದರ ಹಿಂದೆ ಒಂದು ಬೀಳುತ್ತಿರುವಷ್ಟು ಹೊತ್ತು ಮಗು ಮಲಗಿರುತ್ತಿತ್ತು. ಅವರಲ್ಲಿ ಒಬ್ಬ ನೀರು ಕುಡಿಯಲು ಎದ್ದರೆ ಸಾಕು, ಎಚ್ಚರವಾಗಿ ಅಳುತ್ತಿತ್ತು. ದೊಡ್ಡವರಾದ ಮೇಲೆ ಬೆಳ್ಳಿ ಅವರ ಕೈಗೆ ಒಲಿಯಲಿಲ್ಲ. ಸುತ್ತಿಗೆಯ ನಾಲ್ಕು ಏಟು ಮಾತ್ರ ಕಿವಿಯಲ್ಲಿ ಉಳಿಯಿತು. ವೋಚೊದ ಎಂಜಿನ್ನಿಗೂ ಸಿಲಿಂಡರ್ ನಾಲ್ಕೇ.

ಹೆಂಡತಿ ಒತೀಲಿಯಾ ತೀರಿಕೊಂಡ ಮೇಲೆ ಮನೆಯ ಮೌನದಲ್ಲಿ ಅವರಿಗೆ ನಿದ್ದೆ ಬರುವುದಿಲ್ಲ. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಯಾರೋ ಒಬ್ಬ ಚಾಲಕ ಬಂದು, ಒಂದು ಸುತ್ತು ಬನ್ನಿ ಎಂದು ಕರೆದುಕೊಂಡು ಹೋಗುತ್ತಾನೆ. ಊರಿನ ಅರ್ಧ ಟ್ಯಾಕ್ಸಿಗಳಲ್ಲಿ ಅವರ ಟೋಪಿಯ ಹುಲ್ಲುಕಡ್ಡಿ ಬಿದ್ದಿರುತ್ತದೆ.

ಆ ನವೆಂಬರ್‌ನಲ್ಲಿ, ಸತ್ತವರ ಹಬ್ಬ ಮುಗಿದ ಭಾನುವಾರ, ಟ್ಯಾಕ್ಸಿ ಚಾಲಕ ನಾಬೊರ್ ಅರಿಸ್ಮೆಂದಿ ತನ್ನ ಕಾರು ತಂದ. ಜೊತೆಯಲ್ಲಿ ಹೆಂಡತಿ ಎಉಫ್ರೊಸೀನಾ ಇದ್ದಳು. ಮರುದಿನ ಸೋಮವಾರ, ಊರಿಗೆ ಊರೇ ಉಯಿಷ್ಟೆಕೊ ಬೆಟ್ಟ ಹತ್ತಿ ಒಣಗಿದ ಎಲೆಗಳ ಕೆಳಗೆ ಹುಮಿಲ್ ಹುಳು ಹೆಕ್ಕಿ, ಮೆಣಸಿನಕಾಯಿ ಟೊಮೆಟೊ ಜೊತೆ ಅರೆದು ತಿನ್ನುವ ದಿನ. ಇಪ್ಪತ್ತೆರಡು ವರ್ಷಗಳಿಂದ ಆ ಸೋಮವಾರ ನಾಬೊರ್‌ನ ಕಾರು ಬೆಟ್ಟ ಹತ್ತದೆ ಇದ್ದದ್ದಿಲ್ಲ. ಈಗ ಅದು ಮಿಸ್ ಹೊಡೆಯುತ್ತಿತ್ತು. ಇಳಿಯುವಾಗ ಸುಮ್ಮನಿರುತ್ತದೆ, ಏರುವಾಗ ಮುಗ್ಗರಿಸುತ್ತದೆ.

ನಾಬೊರ್ ಮನಸ್ಸು ಮಾಡಿಕೊಂಡೇ ಬಂದಿದ್ದ. ಎಂಜಿನ್ ಬಿಚ್ಚಬೇಕಾಗಿ ಬಂದರೆ ಬಿಚ್ಚಿಸುವುದಿಲ್ಲ. ಮಂಗಳವಾರ ಇಗುವಾಲಾದ ಗುಜರಿಯವನಿಗೆ ಕೊಟ್ಟುಬಿಡುತ್ತೇನೆ, ತಮ್ಮನ ವ್ಯಾನ್ ಓಡಿಸುತ್ತೇನೆ ಎಂದ. ಎಉಫ್ರೊಸೀನಾ ಕಿಟಕಿಯಿಂದ ಹಿಂದಿನ ಸೀಟನ್ನು ನೋಡಿದಳು. ಅವರ ಚಿಕ್ಕ ಮಗಳು ಹುಟ್ಟಿದ್ದೇ ಆ ಕಾರಿನ ಹಿಂದಿನ ಸೀಟಿನಲ್ಲಿ, ಆಸ್ಪತ್ರೆಯ ಏರಿನಲ್ಲಿ, ಎಂಜಿನ್ ಓಡುತ್ತಿರುವಾಗಲೇ. ಆ ಮಗುವನ್ನು ಧರ್ಮಪಿತನಾಗಿ ದೀಕ್ಷಾಸ್ನಾನಕ್ಕೆ ಎತ್ತಿಕೊಂಡವರು ದೋನ್ ಕಾಸಿಮಿರೊ. ಅಂದಿನಿಂದ ಅವರು ಈ ಮನೆಗೆ ಕೊಂಪಾದ್ರೆ, ಎಉಫ್ರೊಸೀನಾ ಅವರಿಗೆ ಕೊಮಾದ್ರೆ.

ಮೂವರೂ ಹೊರಟರು. ಇಲ್ಲಿನ ಟ್ಯಾಕ್ಸಿಗಳಿಗೆ ಚಾಲಕನ ಪಕ್ಕದ ಸೀಟು ಇರುವುದಿಲ್ಲವಾದ್ದರಿಂದ ಎಉಫ್ರೊಸೀನಾ ಕೂಡ ಹಿಂದೆಯೇ ಕುಳಿತಳು. ಮೊದಲ ತಿರುವಿನಲ್ಲಿ ದೋನ್ ಕಾಸಿಮಿರೊ ಅವರ ತಲೆ ವಾಲಿತು. ನಾಬೊರ್ ಕನ್ನಡಿಯಲ್ಲಿ ಅದನ್ನು ನೋಡಿ ಉಸಿರು ಬಿಟ್ಟ. ಬತ್ತಿದ ಕಾರಂಜಿಯ ಹತ್ತಿರ ಏರು ಕಡಿದಾಯಿತು. ಅವರು ಕಣ್ಣು ತೆರೆದರು.

"ಒಬ್ಬ ನೀರು ಕುಡಿಯೋಕೆ ಎದ್ದ," ಎಂದರು.

ಶೆಡ್ಡಿಗೆ ಮರಳಿದ ಮೇಲೆ ಎಂಜಿನ್ ಓಡುತ್ತಿರುವಾಗಲೇ ಪ್ಲಗ್ ವಯರುಗಳನ್ನು ಒಂದೊಂದಾಗಿ ಎಳೆದರು. ಮೊದಲನೆಯದನ್ನು ಎಳೆದಾಗ ಎಂಜಿನ್ ತತ್ತರಿಸಿತು. ಎರಡನೆಯದಕ್ಕೂ ಹಾಗೆಯೇ, ನಾಲ್ಕನೆಯದಕ್ಕೂ ಹಾಗೆಯೇ. ಮೂರನೆಯದನ್ನು ಎಳೆದಾಗ ಯಾವ ವ್ಯತ್ಯಾಸವೂ ಆಗಲಿಲ್ಲ. ಇಲ್ಲದವನನ್ನು ಪಂಕ್ತಿಯಿಂದ ಎಬ್ಬಿಸಿದ ಹಾಗೆ.

ಮೂರನೆಯದೆಂದರೆ ವಾಲ್ವ್ ಸುಟ್ಟಿದೆ, ವಾಲ್ವ್ ಎಂದರೆ ಎಂಜಿನ್ ಬಿಚ್ಚಬೇಕು. ಇದು ಊರಿನ ಚಾಲಕರಿಗೆಲ್ಲ ಬಾಯಿಪಾಠ. ಕಲಿಸಿದವರು ದೋನ್ ಕಾಸಿಮಿರೊ ಅವರೇ. ಮೂರನೆಯ ಸಿಲಿಂಡರ್‌ಗೆ ಗಾಳಿ ಕಡಿಮೆ, ಬಿಸಿ ಹೆಚ್ಚು ಎಂದು ನಲವತ್ತು ವರ್ಷ ಹೇಳಿಕೊಂಡು ಬಂದಿದ್ದರು. ನಾಬೊರ್ ಕೀಲಿಕೈ ತೆಗೆದು ಜೇಬಿಗೆ ಹಾಕಿಕೊಂಡ.

"ಗೊತ್ತಾಯ್ತು ಬಿಡಿ, ಕೊಂಪಾದ್ರೆ. ನಿಮ್ಮ ಬಾಯಲ್ಲಿ ಹೇಳಿಸೋದು ಬೇಡ."

ದೋನ್ ಕಾಸಿಮಿರೊ ಸ್ಪ್ಯಾನರ್ ಎತ್ತಿಕೊಂಡರು. ಎಂಜಿನ್ ಒಂದಿಷ್ಟು ತಣಿಯುವವರೆಗೆ ಕಾದು, ಮೂರನೆಯ ಪ್ಲಗ್ ಬಿಚ್ಚಿ ಒಂದನೆಯದರ ಜಾಗಕ್ಕೆ ಹಾಕಿದರು, ಒಂದನೆಯದನ್ನು ಇಲ್ಲಿಗೆ ತಂದರು. ಮತ್ತೆ ಕೀಲಿಕೈ ಕೇಳಿ ಎಂಜಿನ್ ಹೊರಡಿಸಿದರು. ಮೌನವಾಗಿದ್ದದ್ದು ಮೂರನೆಯದೇ. ವಯರು ಬದಲಿಸಿದರು, ಆಗಲೂ ಮೂರನೆಯದೇ. ಕೊನೆಗೆ ಪ್ಲಗ್ ತೆಗೆದು ಆ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಸ್ಟಾರ್ಟರ್ ತಿರುಗಿಸಲು ನಾಬೊರ್‌ಗೆ ಹೇಳಿದರು. ಒಳಗಿನ ಗಾಳಿ ಅವರ ಬೆರಳನ್ನು ಪಟ್ಟೆಂದು ಹೊರಗೆ ಒಗೆಯಿತು. ವಾಲ್ವ್ ಸುಟ್ಟಿದ್ದರೆ ಗಾಳಿ ಸೋರುತ್ತದೆ, ಅಷ್ಟು ಬಲ ಇರುವುದಿಲ್ಲ. ಅವರು ಮತ್ತೊಮ್ಮೆ ಒತ್ತಿದರು. ಬೆರಳು ಮತ್ತೊಮ್ಮೆ ಹಾರಿತು.

ಅವರು ಬೆರಳನ್ನೇ ನೋಡುತ್ತಾ ಬಹಳ ಹೊತ್ತು ನಿಂತರು. ಶೆಡ್ಡಿನ ತಗಡಿನ ಮೇಲೆ ಬಿಸಿಲು ಟಿಕ್ ಟಿಕ್ ಎನ್ನುತ್ತಿತ್ತು. ಕೆಳಗಿನ ಓಣಿಯಲ್ಲಿ ಯಾರೋ ಗೊಂಡೆಹೂಗಳ ಒಣಗಿದ ರಾಶಿಯನ್ನು ಗುಡಿಸುತ್ತಿದ್ದರು.

"ಕೊಮಾದ್ರೆ, ನಿನ್ನ ಶಾಲು ಕೊಡು."

ಎಉಫ್ರೊಸೀನಾ ಹೆಗಲ ಮೇಲಿನ ಕಡುನೀಲಿ ಶಾಲು ತೆಗೆದುಕೊಟ್ಟಳು. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿ ಎಂಜಿನ್ ಹೊರಡಿಸಿ, ಅವರು ತಲೆಯನ್ನೂ ಎಂಜಿನ್ನನ್ನೂ ಸೇರಿಸಿ ಮುಸುಕು ಹಾಕಿಕೊಂಡರು. ನಡುಮಧ್ಯಾಹ್ನದಲ್ಲಿ ಒಬ್ಬ ಮನುಷ್ಯನಿಗೆ ಸಾಕಾಗುವಷ್ಟು ಕತ್ತಲೆ. ಒಳಗೆ ಹೊಗೆಸೊಪ್ಪಿನ ವಾಸನೆ, ಸೋಪಿನ ವಾಸನೆ, ಬಿಸಿ ಎಣ್ಣೆಯ ವಾಸನೆ. ಕಣ್ಣು ಪಳಗಿದ ಮೇಲೆ ಅದು ಕಂಡಿತು. ನಾಲ್ಕು ಪ್ಲಗ್‌ಗಳಿಗೂ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮೇಲೆ, ಮೂರನೆಯ ವಯರು ಸಿಕ್ಕಿಸಿದ ಕಡೆಯಿಂದ, ಕೂದಲೆಳೆಯಷ್ಟು ಸಣ್ಣ ನೀಲಿ ಗೆರೆಯೊಂದು ಹರಿದು ಕೆಳಗಿನ ಕಬ್ಬಿಣದ ಕ್ಲಿಪ್ಪಿಗೆ ಇಳಿಯುತ್ತಿತ್ತು. ಮಿನುಗುತ್ತಿತ್ತು, ಆರುತ್ತಿತ್ತು, ಮತ್ತೆ ಮಿನುಗುತ್ತಿತ್ತು. ಪ್ಲಗ್‌ಗೆ ಹೋಗಬೇಕಾದ ಕಿಡಿ ಇಲ್ಲಿ ಆಟವಾಡಿಕೊಂಡು ಮಣ್ಣುಪಾಲಾಗುತ್ತಿತ್ತು. ಅವರು ಕೂಡಲೇ ಹೊರಗೆ ಬರಲಿಲ್ಲ. ನೋಡುತ್ತಲೇ ಇದ್ದರು.

ಎಂಜಿನ್ ನಿಲ್ಲಿಸಿ ಆ ವಯರು ಕಿತ್ತು, ಕ್ಯಾಪನ್ನು ಬೆರಳಿನಿಂದ ಸವರಿದರು. ಬೆರಳಿಗೆ ಕಪ್ಪು ಹತ್ತಿತು. ಬಿಸಿಲಿಗೆ ಹಿಡಿದರೆ ಆ ಕಪ್ಪಿನೊಳಗೆ ಹೊಳಪು. ನಮ್ಮೂರಿನಲ್ಲಿ ಆ ಕಪ್ಪನ್ನು ಗುರುತಿಸದ ಮಗುವಿಲ್ಲ. ಬೆಳ್ಳಿಗೆ ಪಾಲಿಶ್ ಹಾಕುವವರ ಉಗುರಿನ ಸಂದಿಯಿಂದ ಎಷ್ಟು ತೊಳೆದರೂ ಹೋಗದ ಕಪ್ಪು ಅದು. ಎಉಫ್ರೊಸೀನಾ ಅಣ್ಣನ ಬೆಳ್ಳಿ ಅಂಗಡಿಯಲ್ಲಿ ಪಾಲಿಶ್ ಕೆಲಸ ಮಾಡುತ್ತಾಳೆ. ಅವಳು ಕೈಗಳನ್ನು ಏಪ್ರನ್ನಿನೊಳಗೆ ಮರೆಮಾಡಿಕೊಂಡಳು.

"ಎಷ್ಟು ಹೊತ್ತು ತಿಕ್ಕಿದೆ, ಕೊಮಾದ್ರೆ?"

ಅವಳು ಗಂಡನ ಕಡೆ ನೋಡಲಿಲ್ಲ. ಗೋರಿಗಳನ್ನೆಲ್ಲ ತೊಳೆದು ಹೂ ಇಟ್ಟ ದಿನ ಈ ಕಾರನ್ನು ಮಾತ್ರ ಹಾಗೇ ಬಿಡೋಕೆ ಮನಸ್ಸು ಬರಲಿಲ್ಲ ಎಂದಳು. ಬೆಟ್ಟಕ್ಕೆ ಹೋಗುವ ಮುಂಚೆ ಒಳಗೂ ಚೊಕ್ಕಟವಾಗಿರಲಿ ಎಂದು, ನಾಬೊರ್ ಮಲಗಿದ್ದಾಗ, ಅಂಗಡಿಯ ಪಾಲಿಶ್ ಬಟ್ಟೆಯಿಂದ ಎಂಜಿನ್ ಒರೆಸಿದ್ದಳಂತೆ.

"ಮೂರನೇ ವಯರಿನ ಬುಡ ಹಸಿರು ಕಟ್ಟಿತ್ತು. ಅದನ್ನ ಹೊಳೆಯೋ ತನಕ ತಿಕ್ಕಿದೆ," ಎಂದು ಮೆಲ್ಲಗೆ ಸೇರಿಸಿದಳು.

ನಾಬೊರ್ ಅವಳನ್ನು ನೋಡಿದ, ಕಾರನ್ನು ನೋಡಿದ. ಬಟ್ಟೆಗೆ ಅಂಟಿದ್ದ ಬೆಳ್ಳಿಯ ಪುಡಿ ಮೇಣದ ಜೊತೆ ಕ್ಯಾಪಿಗೆ ಹತ್ತಿ, ಕರೆಂಟಿಗೆ ಅಡ್ಡದಾರಿ ಹಾಕಿಕೊಟ್ಟಿದೆ ಎಂದು ದೋನ್ ಕಾಸಿಮಿರೊ ವಿವರಿಸುವಷ್ಟರಲ್ಲಿ ಅವನ ಮುಖ ಸಡಿಲವಾಗಿತ್ತು.

"ಇಪ್ಪತ್ತಾರು ವರ್ಷ ಆಯ್ತು ಮದುವೆಯಾಗಿ," ಎಂದ, "ನನ್ನ ಬೆನ್ನು ಒಂದಿನ ಹಿಂಗೆ ಉಜ್ಜಿಲ್ಲ, ಕೊಂಪಾದ್ರೆ."

"ನಿನ್ನನ್ನ ಎಷ್ಟು ಉಜ್ಜಿದ್ರೂ ಹೊಳೆಯಲ್ಲ," ಎಂದಳು ಎಉಫ್ರೊಸೀನಾ.

ಕ್ಯಾಪನ್ನು ಬಿಸಿನೀರು, ಸೋಪಿನಲ್ಲಿ ತೊಳೆದು, ಕಬ್ಬಿನ ಸಾರಾಯಿಯಲ್ಲಿ ಒರೆಸಿ, ಬಿಸಿಲಿಗೆ ಇಟ್ಟರು. ಅದು ಒಣಗುವವರೆಗೆ ದೋನ್ ಕಾಸಿಮಿರೊ ಕಲ್ಲಿನ ಮೇಲೆ ಕುಳಿತಿದ್ದರು. ಗಂಡ ಹೆಂಡತಿ ನಗುತ್ತಿದ್ದರು, ಅವರು ಸೇರಲಿಲ್ಲ. ಬೆಳ್ಳಿಯ ಕಪ್ಪು ಹತ್ತದ ಮನೆ ಈ ಊರಿನಲ್ಲಿ ಯಾವುದಿದೆ ಎಂದು ಒಮ್ಮೆ ಕೇಳಿದರು. ಯಾರನ್ನು ಕೇಳಿದರೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹೇಳಿದರು:

"ಎವೋದಿಯೊ ಗಾಡಿ ಬಿಚ್ಚಿದ್ನಲ್ಲ ನಾನು. ಮೂರನೇದು ಅಂತ. ಒಳಗೆ ವಾಲ್ವು ಚೆನ್ನಾಗೇ ಇತ್ತು. ಸುಟ್ಟಿದೆ ಅಂದ್ಬಿಟ್ಟೆ."

ನಾಬೊರ್ ನಗು ನಿಲ್ಲಿಸಿದ. ಟ್ಯಾಕ್ಸಿ ಓಡಿಸುತ್ತಿದ್ದ ಎವೋದಿಯೊ ಆ ಮಾತು ನಂಬಿ ಕಾರನ್ನು ಮಾರಿ ಏಳು ವರ್ಷವಾಗಿತ್ತು. ನಾಬೊರ್ ಕ್ಯಾಪನ್ನು ತಿರುಗಿಸಿ ಇನ್ನೊಂದು ಮಗ್ಗುಲನ್ನು ಬಿಸಿಲಿಗೆ ಇಟ್ಟ.

ಸಂಜೆಯೊಳಗೆ ಎಂಜಿನ್ ನಾಲ್ಕೂ ಕಾಲಲ್ಲಿ ಓಡುತ್ತಿತ್ತು. ಹತ್ತಿ ನೋಡೋಣ ಎಂದು ನಾಬೊರ್ ಕರೆದ. ಅವರು ಬರಲಿಲ್ಲ. ನಾಳೆ ನೋಡೋಣ ಎಂದರು. ಹೀಗಾಗಿ ತೀರ್ಪು ಬಾಕಿ ಉಳಿಯಿತು.

ಸೋಮವಾರ ಬೆಳಿಗ್ಗೆ ಬೆಟ್ಟದ ದಾರಿ ತುಂಬ ಬುಟ್ಟಿ ಹಿಡಿದ ಜನ. ದೋನ್ ಕಾಸಿಮಿರೊ ಹಿಂದಿನ ಸೀಟಿನಲ್ಲಿ ಎಉಫ್ರೊಸೀನಾಳ ಪಕ್ಕ ಕುಳಿತಿದ್ದರು. ಕಣ್ಣು ಮುಚ್ಚಿದ್ದರು. ಮೊದಲ ತಿರುವಿಗೆ ತಲೆ ವಾಲಲಿಲ್ಲ, ಎರಡನೆಯದಕ್ಕೂ ವಾಲಲಿಲ್ಲ. ನಾಬೊರ್ ರಸ್ತೆಗಿಂತ ಕನ್ನಡಿಯನ್ನೇ ಹೆಚ್ಚು ನೋಡುತ್ತಿದ್ದ. ಬತ್ತಿದ ಕಾರಂಜಿ ಬಂತು. ಎಂಜಿನ್ ಮುಗ್ಗರಿಸದೆ ಏರಿತು. ಆದರೂ ಕನ್ನಡಿಯಲ್ಲಿ ಆ ರೆಪ್ಪೆಗಳು ಅದುರುತ್ತಲೇ ಇದ್ದವು.

"ಇನ್ನೂ ತಪ್ತಾ ಇದ್ಯಾ, ಕೊಂಪಾದ್ರೆ?"

"ಅದು ಸರಿಯಿದೆ," ಎಂದರು ಕಣ್ಣು ತೆರೆಯದೆ. "ನಾನೇ ಎವೋದಿಯೊ ಮನೆಗೆ ಹೋಗ್ಬೇಕು. ಇಳಿಯೋವಾಗ ಬಿಡು ನನ್ನ ಅಲ್ಲಿ."

ಬಿಡುತ್ತೇನೆ ಎಂದ ನಾಬೊರ್. ಕಲ್ಲಿನ ಓಣಿ ಮುಗಿದು ಮಣ್ಣಿನ ದಾರಿ ಬಂತು. ಓಕ್ ಮರಗಳ ನೆರಳು ಒಂದೊಂದಾಗಿ ಕಾರಿನ ಮೇಲೆ ಹಾದುಹೋಗತೊಡಗಿತು. ನಾಲ್ಕು ಸುತ್ತಿಗೆಗಳು ಒಂದರ ಹಿಂದೆ ಒಂದು ಬೀಳುತ್ತಿದ್ದವು. ಯಾವಾಗಲೋ ಒಂದು ತಿರುವಿನಲ್ಲಿ ಟೋಪಿ ಜಾರಿ ಎಉಫ್ರೊಸೀನಾಳ ಮಡಿಲಿಗೆ ಬಿತ್ತು.

ಬೆಟ್ಟದ ಮೇಲೆ ಎಲ್ಲರೂ ಇಳಿದು ಎಲೆಗಳನ್ನು ಕೆದಕುತ್ತಿದ್ದರು. ಎಉಫ್ರೊಸೀನಾ ನೀಲಿ ಶಾಲನ್ನು ಅವರಿಗೆ ಹೊದಿಸಿ, ಬುಟ್ಟಿ ಹಿಡಿದು ಸದ್ದಿಲ್ಲದೆ ಇಳಿದಳು. ನಾಬೊರ್ ಕೀಲಿಕೈಗೆ ಕೈ ಹಾಕಿದವನು ಹಿಂದಕ್ಕೆ ತೆಗೆದ. ಎಂಜಿನ್ನನ್ನು ಹಾಗೇ ಓಡಲು ಬಿಟ್ಟು, ಬಾಗಿಲನ್ನು ಮೆಲ್ಲಗೆ ಒತ್ತಿದ.