‘ಆದರೆ’ ಅನ್ನದೆ ಹೇಳಬೇಕಾದ ಪುಸ್ತಕ

ದೇವರಿದ್ದಾನೆ ಎಂಬುದಕ್ಕೆ ಪುರಾವೆ ಕೇಳುತ್ತಲೇ ಬೆಳೆದವಳು ಧರ್ಮ ಅಧ್ಯಯನದಲ್ಲಿ ಎಂ.ಎ. ಮಾಡುತ್ತೇನೆ ಅಂದಾಗ ಇಳಕಲ್ಲಿನ ನಮ್ಮ ಮನೆಯಲ್ಲಿ ಯಾರೂ ಸಿಟ್ಟಾಗಲಿಲ್ಲ. ನಕ್ಕರು. ಹುನಗುಂದದಿಂದ ಬಂದಿದ್ದ ಕಾಕಾ ಊಟದ ನಡುವೆ ಕೈ ನಿಲ್ಲಿಸಿ, “ಹಲ್ಲಿಲ್ಲದಾಕಿ ಕಡ್ಲಿ ಖರೀದಿಗೆ ಹೊಂಟಂಗಾತು,” ಎಂದರು.

“ಖರೀದಿ ಮಾಡಾಕ ಹಲ್ಲ ಯಾಕ ಬೇಕ್ರಿ ಕಾಕಾ? ಕಣ್ಣಿದ್ರ ಸಾಕು.”

“ನೋಡಣ್ಣಾ, ಇಕಿ ಬಾಯಿಗೇ ಸೀಟ ಕೊಡಬೇಕು,” ಎಂದು ಅವರು ಅಪ್ಪನ ಕಡೆ ತಿರುಗಿದರು.

ಸೀಟು ಸಿಗುವುದೇ ಅನುಮಾನವಿತ್ತು. ಪದವಿಯಲ್ಲಿ ನಾನು ಗಳಿಸಿದ್ದು ಚರ್ಚಾಸ್ಪರ್ಧೆಯ ಬಹುಮಾನಗಳನ್ನು. ಅಂಕಗಳನ್ನು ಬೇರೆಯವರು ಗಳಿಸಿದರು. ಇದು ಆಗದಿದ್ದರೆ ಬಾಗಲಕೋಟೆಯಲ್ಲಿ ಬಿ.ಎಡ್., ಅದರ ಮೇಲೆ ಮಾತಿಲ್ಲ ಎಂದು ಅಪ್ಪ ಮುಗಿಸಿದ್ದರು. ವಿಶ್ವವಿದ್ಯಾಲಯದ ವಿಭಾಗದ ಮೇಡಮ್ ಫೋನಿನಲ್ಲಿ ಹೇಳಿದ್ದು ಇಷ್ಟು: “ವಿಷಯಕ್ಕೆ ಪ್ರವೇಶ ಕೊಡುವಂಥ ಒಂದು ಪುಸ್ತಕ ನೀವೇ ಆರಿಸಿ ಓದಿಕೊಂಡು ಬನ್ನಿ. ಸಂದರ್ಶನದಲ್ಲಿ ಅದನ್ನು ಓದದವರಿಗೆ ತಿಳಿಯುವ ಹಾಗೆ ವಿವರಿಸಬೇಕು. ಸೀಟು ಅದರ ಮೇಲೆ.” ಯಾವ ಪುಸ್ತಕ ಎಂದು ಕೇಳಿದೆ. “ಆರಿಸುವುದೂ ಪರೀಕ್ಷೆಯೇ,” ಎಂದರು.

ಬಾಗಲಕೋಟೆಯ ಗ್ರಂಥಾಲಯದಿಂದ ಕೆಲವು, ಊರಿನ ಮಠದ ಪುಸ್ತಕದಂಗಡಿಯಿಂದ ಒಂದೆರಡು ತಂದು ಮೇಜಿನ ಮೇಲೆ ಹರಡಿದೆ. ಆರಿಸಲು ನನಗೆ ಗೊತ್ತಿದ್ದ ವಿಧಾನ ಒಂದೇ. ಪೆನ್ಸಿಲ್ ಹಿಡಿದು ಮೊದಲ ಅಧ್ಯಾಯ ಓದುವುದು, ವಾದ ಎಲ್ಲಿ ಸಡಿಲವಾಗಿದೆಯೋ ಅಲ್ಲಿ ಅಂಚಿನಲ್ಲಿ ಗುರುತು ಹಾಕುವುದು. ಗುರುತು ಹೆಚ್ಚಾದಷ್ಟೂ ಪುಸ್ತಕ ಕೆಳಕ್ಕೆ. ಎಲ್ಲ ಧರ್ಮಗಳೂ ಒಂದೇ ಎನ್ನುವ ತೆಳು ಪುಸ್ತಕ ಎರಡನೇ ಪುಟದಲ್ಲೇ ಬಿತ್ತು. ಜೀವನವಿಡೀ ಆಸ್ತಿಕರಾಗಿದ್ದ ಒಬ್ಬ ಅಧ್ಯಾಪಕರು ಬರೆದ ದಪ್ಪ ಪುಸ್ತಕದ ಅಂಚು ಪೂರ್ತಿ ಕಪ್ಪಾಯಿತು. ದೇವರು ಮನುಷ್ಯನ ಭಯದಿಂದ ಹುಟ್ಟಿದ ಎಂದು ವಾದಿಸುವ ಪುಸ್ತಕದಲ್ಲಿ ಮಾತ್ರ ಒಂದೂ ಗುರುತು ಬೀಳಲಿಲ್ಲ. ಅದನ್ನೇ ಆರಿಸಿದೆ. ಆಗ ಅದು ತೀರ್ಪಿನ ಹಾಗೆ ಕಂಡಿತ್ತು.

ಅದನ್ನು ಒಮ್ಮೆ ಯಾರೆದುರಿಗಾದರೂ ಹೇಳಿ ನೋಡಬೇಕಿತ್ತು. ಬಾದಾಮಿಯಲ್ಲಿ ನನ್ನ ಚರ್ಚೆಯ ಜೋಡಿ ಗೆಳತಿ ಇದ್ದಳು. ನಮ್ಮ ಕಡೆಯ ಕಾಲೇಜು ಚರ್ಚಾಸ್ಪರ್ಧೆಗೆ ಇಬ್ಬರು ಹೋಗಬೇಕು, ಒಬ್ಬರು ವಿಷಯದ ಪರ, ಒಬ್ಬರು ವಿರೋಧ. ಇಬ್ಬರ ಅಂಕ ಕೂಡಿಸಿ ಶೀಲ್ಡ್ ಕೊಡುತ್ತಾರೆ. ಹಾಗಾಗಿ ನನ್ನೆದುರು ನಿಲ್ಲುವವಳು ಸೋತರೆ ನನಗೂ ನಷ್ಟ. ಅವಳು ಸದಾ ಪರ, ನಾನು ಸದಾ ವಿರೋಧ. ಊರೂರಿಗೆ ಹೋಗುವ ಬಸ್ಸಿನಲ್ಲಿ ಪಕ್ಷ ಅದಲುಬದಲು ಮಾಡಿಕೊಂಡು, ಅವಳ ಮಾತನ್ನು ನಾನು, ನನ್ನದನ್ನು ಅವಳು ಆಡುತ್ತಿದ್ದೆವು. ಆ ಅಭ್ಯಾಸದಲ್ಲಿ ‘ಆದರೆ’ ಅನ್ನುವಂತಿಲ್ಲ. ಅಂದುಬಿಟ್ಟರೆ ಊಟದ ಡಬ್ಬಿಯ ಮೇಲೆ ಚಮಚದ ಏಟು.

ಪುಸ್ತಕಗಳ ಚೀಲ ಹೊತ್ತು ಬಾದಾಮಿಗೆ ಹೋದೆ. ಅವಳ ಮನೆಯಲ್ಲಿ ಬೀಗರು ತುಂಬಿದ್ದರು. ಇಬ್ಬರೂ ಡಬ್ಬಿ ಕಟ್ಟಿಕೊಂಡು ಕೆರೆಯ ಮೆಟ್ಟಿಲಿಗೆ ಹೋಗಿ ಕುಳಿತೆವು. ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ನಾನು ಆರಿಸಿದ ಪುಸ್ತಕವನ್ನು ವಿವರಿಸಿದೆ. ತಡವರಿಸಲಿಲ್ಲ.

“ಛಲೋ ಮಾತಾಡಿದಿ,” ಎಂದಳು. “ಇದು ನಿನ್ನ ಭಾಷಣ. ಎರಡನೇ ವರ್ಷ ಇದನ್ನ ಹೇಳಿ ಬಹುಮಾನ ತಂದೀದಿ. ಪುಸ್ತಕ ಎಲ್ಲೈತಿ?”

“ಪುಸ್ತಕದಾಗೂ ಇದ ಐತಿ.”

“ಹಂಗಾರ ನಿನಗ ಗೊತ್ತಿಲ್ಲದ್ದು ಒಂದ ಹೇಳು ಅದರಾಗಿಂದು.”

ಅದರಲ್ಲಿದ್ದದ್ದೆಲ್ಲ ನನಗೆ ಮೊದಲೇ ಗೊತ್ತಿತ್ತು. ಅವಳು ಚೀಲದಿಂದ ದಪ್ಪ ಪುಸ್ತಕ ಎಳೆದು ಅಂಚುಗಳನ್ನು ಓದತೊಡಗಿದಳು. “ಪುರಾವೆ? ಪುರಾವೆ? ಮತ್ತ ಪುರಾವೆ? ಏನ ಲೇ ಇದು, ಪುಸ್ತಕಕ್ಕ ಜಾಮೀನು ಕೊಡಾಂಗಿಲ್ಲೇನ ನೀ? ಲೈಬ್ರರಿದು ಬ್ಯಾರೆ. ಅಳಿಸು ಮೊದಲ. ಹೂಂ, ಇದನ್ನ ಹೇಳು.”

ಅದಲುಬದಲು ಎಂದರ್ಥ. ಶುರು ಮಾಡಿದೆ. “ಪ್ರಾರ್ಥನೆ ಅಂದರೆ ಏನು ಎಂದು ಲೇಖಕರು ಕೇಳುತ್ತಾರೆ. ಆದರೆ...” ಠಣ್.

“ಪ್ರಾರ್ಥನೆಯಿಂದ ರೋಗ ವಾಸಿಯಾಗುತ್ತದೆ ಅನ್ನುತ್ತಾರೆ. ಆದರೆ...” ಠಣ್.

ಕೆಳಗೆ ಸೀರೆ ಹಿಂಡುತ್ತಿದ್ದ ಹಿರಿಯ ಹೆಂಗಸು ತಲೆಯೆತ್ತಿದರು. “ಏ ತಂಗಿ, ಆ ಡಬ್ಬಿ ಯಾಕ ಬಡಿಯಾಕತ್ತಿ?”

“ಇಕಿ ‘ಆದರ’ ಅಂದಾಗೊಮ್ಮೆ ಬಡೀತೇನ್ರಿ, ಆಯಿ.”

“ಹೌದ? ನಮ್ಮ ಸೊಸಿನ್ನೂ ಕರ್ಕೊಂಡ ಬರ್ತೇನಿ, ತಡಿ.”

ನಗು ನಿಂತ ಮೇಲೆ ಗೆಳತಿ ಕೇಳಿದಳು, “ರೋಗ ವಾಸಿ ಆಗ್ತೈತಿ ಅಂತ ಎಲ್ಲಿ ಬರದಾರ? ತೋರಸು.”

ಪುಟ ತಿರುವಿದೆ. ಎಲ್ಲಿಯೂ ಬರೆದಿರಲಿಲ್ಲ. ಲೇಖಕರು ಹೇಳಿದ್ದು ಬೇರೆ: ಮಗನಿಗೆ ಜ್ವರ ಬಂದಾಗ ಕೈಮುಗಿಯುವ ತಾಯಿ ದವಾಖಾನೆಗೂ ಕರೆದೊಯ್ಯುತ್ತಾಳೆ, ಔಷಧಿಯ ಕೆಲಸ ಯಾವುದೆಂದು ಅವಳಿಗೆ ಗೊತ್ತು, ಹಾಗಿದ್ದರೆ ಕೈಮುಗಿಯುವುದು ಯಾವ ಕೆಲಸಕ್ಕೆ? ಅಧ್ಯಾಯ ಶುರುವಾಗುವುದೇ ಆ ಪ್ರಶ್ನೆಯಿಂದ. ಯಾರೂ ಆಡದ ಮಾತಿಗೆ ನಾನು ಅಂಚಿನ ತುಂಬ ಉತ್ತರ ಕೊಟ್ಟಿದ್ದೆ. ಚರ್ಚೆಯಲ್ಲಿ ಅದಕ್ಕೆ ಅಂಕ ಕಳೆಯುತ್ತಾರೆ.

ಒಳ್ಳೆಯ ರಬ್ಬರೊಂದನ್ನು ಅವಳಿಂದ ಇಸಿದುಕೊಂಡು ಸಂಜೆಯ ಬಸ್ಸಿಗೆ ಊರಿಗೆ ಬಂದೆ. ಗುರುತು ಅಳಿಸುತ್ತ ಓದಿದ್ದರಿಂದ ಪ್ರತಿ ಸಾಲೂ ಎರಡನೇ ಸಲ ಕಣ್ಣಿಗೆ ಬಿತ್ತು. ಕೆಲವು ಗುರುತುಗಳನ್ನು ಉಳಿಸಿಕೊಳ್ಳಬೇಕೆನಿಸಿತು. ಅವನ್ನು ಬೇರೆ ಹಾಳೆಗೆ ಬರೆದುಕೊಂಡೆ.

ಸಂದರ್ಶನದಲ್ಲಿ ಆ ದಪ್ಪ ಪುಸ್ತಕವನ್ನೇ ವಿವರಿಸಿದೆ. ಎರಡು ಕಡೆ ‘ಆದರೆ’ ಗಂಟಲವರೆಗೆ ಬಂತು, ಡಬ್ಬಿ ನೆನಪಾಯಿತು. ಮುಗಿದ ಮೇಲೆ ಮೇಡಮ್ ಕೇಳಿದರು, “ಇದನ್ನು ನೀವು ಒಪ್ಪುತ್ತೀರಾ?”

“ಇಲ್ಲ ಮೇಡಮ್.”

“ಮತ್ತೆ ಇದನ್ನೇಕೆ ಆರಿಸಿದಿರಿ?”

“ಒಪ್ಪುವ ಪುಸ್ತಕ ಓದಿದಾಗ ಅದರಲ್ಲಿ ನನ್ನ ಮಾತೇ ಕೇಳಿಸಿತು. ಇದರಲ್ಲಿ ಇನ್ನೊಬ್ಬರದು ಕೇಳಿಸಿತು.”

ಅವರು ತಲೆ ಆಡಿಸದೆ ಏನೋ ಬರೆದುಕೊಂಡರು. ಮುಂದಿನ ವಾರ ಸೀಟು ಬಂತು.

ಸುದ್ದಿ ಕೇಳಿ ಕಾಕಾ ಮತ್ತೆ ಊಟಕ್ಕೆ ಬಂದರು. “ಏನವಾ, ಈಗರ ದೇವರು ಅದಾನೋ ಇಲ್ಲೋ?”

“ನನಗಂತೂ ಕಾಣವಲ್ಲ. ಅದಾನ ಅನ್ನಾವ್ರು ಏನಂತಾರ ಅನ್ನೂದನ್ನ ಈಗ ಹೇಳಾಕ ಬರ್ತೈತ್ರಿ.”

“ಅದರಾಗೇನ ದೊಡ್ಡಸ್ತಿಕಿ?”

“ನೀವು ಇಲ್ಲ ಅನ್ನಾವ್ರ ಕಡಿಂದ ಹೇಳ್ರಿ ನೋಡೂಣು. ‘ಆದರ’ ಅನ್ನಾಂಗಿಲ್ಲ.”

ಕಾಕಾ ರೊಟ್ಟಿ ಮುರಿಯುವುದನ್ನು ಬಿಟ್ಟು ನೆಟ್ಟಗೆ ಕುಳಿತರು. “ಅವ್ರು ಏನಂತಾರಂದ್ರ, ದೇವರನ್ನ ಯಾರೂ ನೋಡಿಲ್ಲ ಅಂತಾರ. ಖರೆ. ಆದ್ರ...”

ನಾನು ಚಮಚದಿಂದ ನೀರಿನ ತಂಬಿಗೆಗೆ ಹೊಡೆದೆ. ಅಡುಗೆಮನೆಯಿಂದ ಅವ್ವ, “ಯಾರಿಗೆ ಏನ ಬೇಕು?” ಎಂದು ಕೂಗಿದಳು.