ಕಣ್ಣು ಮುಚ್ಚಿ ಎತ್ತಿದ ಕೈಗಳು

ಬನಹಟ್ಟಿಯ ನಮ್ಮ ಓಣಿಯಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಪವರ್‌ಲೂಮ್ ಮಗ್ಗಗಳಿವೆ. ನಮ್ಮ ಮನೆಯ ಮಗ್ಗಗಳನ್ನು ನನ್ನ ಗಂಡ ನಡೆಸುತ್ತಾರೆ, ಅತ್ತೆ ಕಂಡಿಕೆಗೆ ನೂಲು ಸುತ್ತಿಕೊಡುತ್ತಾರೆ. ನಾನು ಬಸ್ಸು ಹಿಡಿದು ಜಮಖಂಡಿಗೆ ಹೋಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ರಾತ್ರಿಯಿಡೀ ಮಗ್ಗ ಓಡಿಸುವ ರೂಢಿ ಶುರುವಾಯಿತು. ಸದ್ದಿಗೆ ಮಕ್ಕಳಿಗೂ ಮುದುಕರಿಗೂ ನಿದ್ದೆಯಿಲ್ಲ ಎಂದು ಹೆಂಗಸರು ನಳದ ಹತ್ತಿರ ಗೊಣಗುತ್ತಿದ್ದರು. ಎಲ್ಲರೂ ಹಿರಿಯರೆಂದು ಕರೆಯುವ ಓಣಿಯ ಯಜಮಾನರೊಬ್ಬರ ಮುಂದೆ ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಮಗ್ಗ ಅವರವು, ಉಳಿದವರಿಗೆ ನೂಲು ತಂದುಕೊಡುವವರೂ ಅವರೇ.

ಗೊಣಗಾಟ ಹೇಗೋ ಅವರ ಕಿವಿಗೆ ಬಿದ್ದು, ಒಂದು ಭಾನುವಾರ ಸಂಜೆ ಗುಡಿಯ ಕಟ್ಟೆಯ ಮೇಲೆ ಎಲ್ಲರೂ ಸೇರಿದೆವು. "ರಾತ್ರಿ ಮಗ್ಗ ನಡೀಲಿ ಅನ್ನಾವ್ರು ಕೈ ಎತ್ರಿ," ಎಂದರು ಹಿರಿಯರು. ಎಲ್ಲರೂ ಎತ್ತಿದರು. ಹಿಂದಿನ ದಿನ ನಿದ್ದೆಯಿಲ್ಲವೆಂದು ನನ್ನ ಮುಂದೆ ಅತ್ತಿದ್ದ ಪಕ್ಕದ ಮನೆಯವಳೂ ಎತ್ತಿದಳು. ಎತ್ತುವ ಮುಂಚೆ ಅವಳು ಹಿರಿಯರ ಮುಖ ನೋಡಿದ್ದು ನನ್ನ ಕಣ್ಣಿಗೆ ಬಿತ್ತು.

ಆ ವಾರವಷ್ಟೇ ತರಗತಿಯಲ್ಲಿ, ಅಥೆನ್ಸಿನ ಜನ ಬಯಲಲ್ಲಿ ಸೇರಿ ಕೈಯೆತ್ತಿ ರಾಜ್ಯದ ವಿಷಯ ತೀರ್ಮಾನಿಸುತ್ತಿದ್ದರು, ಪ್ರಜಾಪ್ರಭುತ್ವದ ಬೇರು ಅಲ್ಲಿದೆ ಎಂದು ಹುರುಪಿನಿಂದ ಹೇಳಿದ್ದೆ. ಆ ಬಯಲಲ್ಲಿ ಯಾರು ಯಾರ ಮುಖ ನೋಡುತ್ತಿದ್ದರೋ ಎಂಬ ಅನುಮಾನ ಬಂದದ್ದು ಈಗಲೇ.

"ಕಾಕಾ, ಕಣ್ಣು ಮುಚ್ಚಿಕೊಂಡು ಕೈ ಎತ್ತೂಣ್ರಿ," ಎಂದೆ.

ಹಿರಿಯರು ನಕ್ಕರು. "ಆಗಲಿ. ಓದಿದಾಕಿ ನೀನ ಅದಿ, ನೀನ ಎಣಸು."

ಅವರೂ ಕಣ್ಣು ಮುಚ್ಚಿದರು. ಈ ಸಲ ಬೇಡವೆಂದು ಎದ್ದ ಕೈಗಳೇ ಹೆಚ್ಚು. ಅವುಗಳಲ್ಲಿ ಹಿರಿಯರ ಸ್ವಂತ ತಮ್ಮನ ಕೈಯಿತ್ತು. ನನ್ನ ಅತ್ತೆಯ ಕೈಯೂ ಇತ್ತು. ಅವರ ಮಗನ ಮಗ್ಗಗಳೂ ರಾತ್ರಿ ಓಡುತ್ತಿದ್ದವು.

ಫಲಿತಾಂಶ ಹೇಳಿದೆ. ಹಿರಿಯರ ನಗು ಹೋಯಿತು. "ನೋಡಿದಾಕೀನೂ ನೀನ, ಎಣಿಸಿದಾಕೀನೂ ನೀನ. ಖರೆ ಅಂತ ಹೆಂಗ ನಂಬೂದು?"

ಬೇಡವೆಂದು ಕೈ ಎತ್ತಿದವರೂ ಎದ್ದು ಮನೆಯ ದಾರಿ ಹಿಡಿದರು. ಸಿಟ್ಟಿನಿಂದ ಮನೆಗೆ ಬಂದೆ. ಸಿಟ್ಟು ಇಳಿದ ಮೇಲೆ, ಅವರು ಕೇಳಿದ್ದು ಸರಿಯೇ ಅನ್ನಿಸಿತು. ಎಲ್ಲರ ಕಣ್ಣು ಮುಚ್ಚಿಸಿ ಒಬ್ಬಳೇ ತೆರೆದುಕೊಂಡು ಕೂತಿದ್ದೆನಲ್ಲ.

ಆಮೇಲೆ ಒಬ್ಬೊಬ್ಬರೇ ಬರತೊಡಗಿದರು. ಹಿರಿಯರ ಹೆಂಡತಿ ಶೇಂಗಾ ಚಟ್ನಿ ಕೊಡುವ ನೆಪದಲ್ಲಿ ಬಂದು, ಬೇಡವೆಂದವರು ಯಾರು ಎಂದು ಸುತ್ತಿ ಬಳಸಿ ಕೇಳಿದರು. ಹಿರಿಯರ ತಮ್ಮ ಬಸ್ ನಿಲ್ದಾಣದಲ್ಲಿ ನನ್ನನ್ನು ನಿಲ್ಲಿಸಿ, "ಅವತ್ತ ನನ್ನ ಕೈ ನೋಡಿಲ್ಲ ಅಲ್ರಿ?" ಎಂದರು.

"ನಮ್ಮವ್ವ ಯಾ ಕಡೆ ಎತ್ತಿದ್ಲು?" ಎಂದು ಮನೆಯಲ್ಲಿ ಗಂಡ ಕೇಳಿದರು. ನೆನಪಿಲ್ಲ ಎಂದೆ. ಅವರು ನಂಬಲಿಲ್ಲ.

ತಡೆಯಲಾರದೆ ನಾನೇ ಹಿರಿಯರ ಮನೆಗೆ ಹೋಗಿ ಇನ್ನೊಂದು ದಾರಿ ಹೇಳಿದೆ. ಮತ್ತೆ ಕಟ್ಟೆಯ ಮೇಲೆ ಸೇರಿದಾಗ ಪ್ರತಿಯೊಬ್ಬರಿಗೂ ಒಂದು ಜೋಳದ ಕಾಳು, ಒಂದು ಗೋವಿನಜೋಳದ ಕಾಳು ಕೊಟ್ಟೆವು. ಮಗ್ಗ ನಿಲ್ಲಲಿ ಅನ್ನುವವರು ಜೋಳ, ನಡೆಯಲಿ ಅನ್ನುವವರು ಗೋವಿನಜೋಳ ಹಾಕಬೇಕು. ಬಾಯಿಗೆ ಸಡಿಲವಾಗಿ ಬಟ್ಟೆ ಹೊದಿಸಿದ ಗಡಿಗೆಯೊಳಗೆ ಮುಷ್ಟಿ ತೂರಿಸಿ ಒಂದನ್ನು ಬಿಡುವುದು, ಉಳಿದದ್ದನ್ನು ಅಂಥದೇ ಇನ್ನೊಂದು ಗಡಿಗೆಗೆ ಹಾಕುವುದು. ಕೊನೆಗೆ ಮೊದಲ ಗಡಿಗೆಯನ್ನು ಎಲ್ಲರೆದುರು ಚಾದರದ ಮೇಲೆ ಸುರಿದರು.

ಗೋವಿನಜೋಳ ಹೆಚ್ಚಿತ್ತು, ಆದರೆ ಸ್ವಲ್ಪವೇ.

ನಡುವಿನ ದಿನಗಳಲ್ಲಿ ಯಾರು ಯಾರ ಮನೆಗೆ ಹೋಗಿ ನೂಲು ನಿಂತೀತೆಂಬ ಮಾತು ತೆಗೆದರೋ ಎಂದು ನಾನು ಯೋಚಿಸುತ್ತಿದ್ದೆ. ಗೆದ್ದ ಹಿರಿಯರು ಮಾತ್ರ ಜೋಳದ ಕಾಳುಗಳನ್ನು ಬೆರಳಿನಿಂದ ಒಂದೊಂದಾಗಿ ಸರಿಸಿ ಎಣಿಸಿದರು. "ಇಷ್ಟು ಮಂದಿ ಬ್ಯಾಡ ಅಂತಾರಂತ ನನಗ ಗೊತ್ತಿರಲಿಲ್ಲ," ಎಂದರು. ಹೇಳುತ್ತಲೇ ಒಬ್ಬೊಬ್ಬರ ಮುಖ ನೋಡಿದರು. ಯಾರೂ ಕಣ್ಣು ತಗ್ಗಿಸಲಿಲ್ಲ.

ಮನೆಗೆ ಬಂದು ಅತ್ತೆಯನ್ನು ಕೇಳಿಯೇಬಿಟ್ಟೆ. "ಅತ್ತಿ, ನೀವು ಯಾ ಕಾಳು ಹಾಕಿದ್ರಿ?"

ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಯಾರೂ ಕೇಳಬಾರದಂತ ಇಷ್ಟೆಲ್ಲಾ ಮಾಡಿದಾಕಿ ನೀನ ಅಲ್ಲೇನು?"

ಮುಂದಿನ ವಾರದಿಂದ ಹಿರಿಯರ ಮಗ್ಗಗಳು ರಾತ್ರಿ ಊಟದ ಹೊತ್ತಿಗೆ ನಿಲ್ಲತೊಡಗಿದವು. ಉಳಿದವರೂ ನಿಲ್ಲಿಸಿದರು. ಹಿರಿಯರು ನೆರೆಯವರ ಮೇಲಿನ ಕನಿಕರದಿಂದ ಹಾಗೆ ಮಾಡಿದರೋ, ಬೇಡವೆಂದವರು ಯಾರೆಂದು ತಿಳಿಯದ ಹೆದರಿಕೆಯಿಂದ ಮಾಡಿದರೋ ನನಗೆ ಇಂದಿಗೂ ಅನುಮಾನ. ಕೇಳಲು ಹೋಗಿಲ್ಲ.